ಕಾಣದ ಕಾವಲು

ಕೊಪ್ಪಳಕ್ಕೆ ವಿಮಾನ ನಿಲ್ದಾಣ ಬೇಕೆಂಬ ಕೂಗು ಇಂದಿನದಲ್ಲ. ಗಿಣಿಗೇರಾದ ಖಾಸಗಿ ರನ್‌ವೇ ಕಂಡಾಗಲೆಲ್ಲ ನಮಗೂ ಆಸೆ. ಬರಲಿ. ಆದರೆ ಮೇಲೆ ಹಾರುವ ವಿಮಾನಕ್ಕೆ ದಾರಿ ತೋರುವವರು ಯಾರೆಂದು ಕೇಳಿದ್ದೇವೆಯೇ?

1995ರಲ್ಲಿ ಹುಟ್ಟಿದ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಎರಡು ಕೆಲಸ: ನಿಲ್ದಾಣ ಕಟ್ಟಿ ನಡೆಸುವುದು, ಆಕಾಶದ ಸಂಚಾರ ನಿಯಂತ್ರಿಸುವುದು. ಕಟ್ಟಡದ ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ. ರೇಡಾರಿಗೆ ರಿಬ್ಬನ್ ಕತ್ತರಿಸುವವರು ಯಾರು?

1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 349 ಜನ ಸತ್ತರು. ಒಂದು ವಿಮಾನ ಹೇಳಿದ ಎತ್ತರಕ್ಕಿಂತ ಕೆಳಗಿಳಿದಿತ್ತು, ನಿಜ. ಆದರೆ ದೆಹಲಿಯಲ್ಲಿ ಆಗ ಬಳಸುತ್ತಿದ್ದ ರೇಡಾರು ಎತ್ತರವನ್ನೇ ತೋರಿಸುತ್ತಿರಲಿಲ್ಲ. ಬರಲೂ ಹೋಗಲೂ ಒಂದೇ ದಾರಿ. ಆಮೇಲೆ ದಾರಿ ಬೇರೆಯಾಯಿತು, ಹೊಸ ರೇಡಾರು ಬಳಕೆಗೆ ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು!

ಸಂಚಾರ ನಿಯಂತ್ರಣಕ್ಕೆ ಪ್ರತ್ಯೇಕ ಸಂಸ್ಥೆ ಮಾಡಿರಿ. ಮಾರಿರೆಂದಲ್ಲ, ನ್ಯೂಜಿಲೆಂಡ್ 1987ರಲ್ಲೇ ಸರ್ಕಾರದ ಒಡೆತನದಲ್ಲೇ ಹಾಗೆ ಮಾಡಿತು. ವಿಮಾನಗಳು ಕೊಡುವ ಮಾರ್ಗ ಶುಲ್ಕ ಆ ಕೆಲಸಕ್ಕೇ ಸಲ್ಲಲಿ.

ನಮಗಿದು ಹೊಸ ಪಾಠವಲ್ಲ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ಕಡಿದಾಗ ಏನಾಯಿತೆಂದು ಗಂಗಾವತಿಯ ರೈತರ ಮನೆಯ ಹೆಂಗಸರನ್ನು ಕೇಳಿರಿ. ಅಲ್ಲಿ ತಾತ್ಕಾಲಿಕ ಗೇಟು ಕೂಡಿಸಿ ಉಳಿದ ನೀರು ಹಿಡಿದರು. ಆಕಾಶಕ್ಕೆ ತಾತ್ಕಾಲಿಕ ಗೇಟು ಕೂಡಿಸಲು ಬರುವುದಿಲ್ಲ.