ಭಾವಚಿತ್ರದ ಮೊಕದ್ದಮೆ
ಛಾಯಾಗ್ರಹಣವು ಬಂದಮೇಲೆ ಭಾವಚಿತ್ರಕಲೆಯ ಕಾಲ ಮುಗಿಯಿತೆಂದು ಬಗೆದು, ಅದನ್ನು ಸಿರಿವಂತರ ಆತ್ಮಪ್ರಶಂಸೆಗೆ ಮೀಸಲಾದ ಕಸುಬೆಂದು ತಳ್ಳಿಹಾಕುವ ವಿಮರ್ಶಕರು, ಆಸ್ಟ್ರೇಲಿಯದ ಸಿಡ್ನಿಯಲ್ಲಿ 1921ರಿಂದ ನಡೆದುಬಂದಿರುವ ಆರ್ಚಿಬಾಲ್ಡ್ ಭಾವಚಿತ್ರ ಪಾರಿತೋಷಕದ ಚರಿತ್ರೆಯನ್ನೊಮ್ಮೆ ಅವಲೋಕಿಸಬೇಕು. ವಿಲಿಯಂ ಡೋಬೆಲ್ಲನು ತನ್ನ ಮಿತ್ರನೂ ಕಲಾವಿದನೂ ಆದ ಜೋಶುವಾ ಸ್ಮಿತ್‌ನನ್ನು ನೀಳವಾದ ಕತ್ತು, ಕೃಶವಾದ ತೋಳುಗಳಿಂದ ಚಿತ್ರಿಸಿ 1943ರ ಬಹುಮಾನವನ್ನು ಗಳಿಸಿದಾಗ, ಅದು ಭಾವಚಿತ್ರವಲ್ಲ, ವಿಕೃತಚಿತ್ರವೆಂದು ಆಕ್ಷೇಪಿಸಿ, ಸ್ಪರ್ಧೆಯಲ್ಲಿ ಸೋತ ಇಬ್ಬರು ಕಲಾವಿದರು ನ್ಯಾಯಾಲಯದ ಮೆಟ್ಟಿಲೇರಿದರು. ರೂಪಸಾದೃಶ್ಯದ ಅಳತೆಗೋಲನ್ನು ನ್ಯಾಯಾಧೀಶರ ಕೈಗಿತ್ತ ಆ ಸಾಹಸಕ್ಕೆ ನಗಬೇಕೋ ಮರುಗಬೇಕೋ ತಿಳಿಯದು! ತೀರ್ಪು ಡೋಬೆಲ್ಲನ ಪರವಾಯಿತು. ಸಿರಿವಂತರ ಕಸುಬೆಂಬ ಆಕ್ಷೇಪಕ್ಕೂ ಈ ಚರಿತ್ರೆಯಲ್ಲಿ ಉತ್ತರವುಂಟು: ಫುಟ್‌ಬಾಲ್ ಆಟಗಾರ ಆಡಂ ಗುಡ್ಸ್‌ನೊಡನೆ ತನ್ನನ್ನೂ ಚಿತ್ರಿಸಿಕೊಂಡ ವಿನ್ಸೆಂಟ್ ನಮತ್‌ಜಿರಾನು, ಈ ಪಾರಿತೋಷಕವನ್ನು ಪಡೆದ ಮೂಲನಿವಾಸಿ ಕಲಾವಿದರಲ್ಲಿ ಮೊದಲಿಗನಾದುದು 2020ರಲ್ಲಿ.