ಗಾಜಿನ ಮನೆಯ ಅತಿಥಿ



ಇಂಗ್ಲೆಂಡಿನ ಪ್ಲಿಮತ್ ಪಟ್ಟಣದಲ್ಲಿ ಸಂಸಾರಸಮೇತನಾಗಿ ನೆಲೆಸಿರುವ ನನ್ನ ಹಳೆಯ ಶಿಷ್ಯನೊಬ್ಬನು ಕಳೆದ ತಿಂಗಳು ಕಾಗದ ಬರೆದಿದ್ದನು. ಅಲ್ಲಿಯ ಬೆಸ್ತನೊಬ್ಬನು ಆತನ ಮಗಳಿಗೆ ಕುಕೂ ರ್‍ಯಾಸ್ ಎಂಬ ಮೀನನ್ನು ತೋರಿಸಿದನಂತೆ. ಅದನ್ನು ಗಾಜಿನ ತೊಟ್ಟಿಯಲ್ಲಿಟ್ಟು ಸಾಕಬೇಕೆಂದು ಹುಡುಗಿಯ ಹಟ. “ಮೇಷ್ಟರೆ, ಸಾಕಬಹುದೆ? ತಾವು ಹೇಳಿದಂತೆ ನಡೆಯುವೆನು” ಎಂದು ಕೇಳಿರುವನು.

ಮಗುವಿನ ಆಸೆ ಅಸಹಜವಲ್ಲ. ನಾರ್ವೆಯ ತೀರದಿಂದ ಆಫ್ರಿಕಾದ ಸೆನೆಗಲ್‌ವರೆಗಿನ ಅಟ್ಲಾಂಟಿಕ್ ಸಾಗರದಲ್ಲಿಯೂ ಮೆಡಿಟರೇನಿಯನ್ ಸಮುದ್ರದಲ್ಲಿಯೂ ವಾಸಿಸುವ ಈ ಮೀನಿನಷ್ಟು ಸೊಬಗುಳ್ಳವು ತಣ್ಣೀರ ಕಡಲುಗಳಲ್ಲಿ ವಿರಳ. ಗಂಡಿನ ಮೈ ಕಿತ್ತಳೆಯ ವರ್ಣದ್ದು. ಅದರ ಮೇಲೆ ಉಜ್ಜ್ವಲವಾದ ನೀಲಿಯ ಪಟ್ಟೆಗಳು. ಹೆಣ್ಣು ನಸುಗೆಂಪು, ಬೆನ್ನಿನ ಹಿಂಭಾಗದಲ್ಲಿ ಮೂರು ಕಪ್ಪು ಮಚ್ಚೆಗಳು. ಈ ಭೇದವನ್ನು ಕಂಡು ಪೂರ್ವದ ವಿದ್ವಾಂಸರು ಅವೆರಡನ್ನೂ ಬೇರೆ ಬೇರೆ ಜಾತಿಗಳೆಂದೇ ಬಗೆದಿದ್ದರು. ಇವುಗಳಲ್ಲಿ ಬಹುಪಾಲು ಹೆಣ್ಣಾಗಿ ಹುಟ್ಟುವುವು. ದೊಡ್ಡದಾಗಿ ಬೆಳೆದ ಕೆಲವು ಹೆಣ್ಣುಗಳು ಮುಂದೆ ಗಂಡಾಗಿ ಮಾರ್ಪಡುವುವು. ಪುರಾಣದ ಸುದ್ಯುಮ್ನನು ಇಳೆಯಾದ ಕಥೆಯನ್ನು ಬಲ್ಲ ನಮಗೆ ಇದು ವಿನೋದವಾಗಿ ತೋರಿದರೂ ಆ ಮೀನಿಗೆ ಇದು ಸಹಜಧರ್ಮ.

ಇನ್ನು ಸಾಕಣೆಯ ಮಾತು. ಗಂಡು 35 ಸೆಂಟಿಮೀಟರಿಗೂ ಮೀರಿ ಬೆಳೆಯುವುದುಂಟು. ಆಯುಸ್ಸು ಇಪ್ಪತ್ತು ವರ್ಷದವರೆಗೂ ಸಾಗಬಹುದು. ಇಂದು ಅಂಗೈಯಗಲವಿರುವುದು ನಾಳೆ ಮನೆಯ ತೊಟ್ಟಿಯಲ್ಲಿ ತಿರುಗಲಾರದು. ತನ್ನ ಎಲ್ಲೆಯೊಳಗೆ ಇನ್ನೊಂದು ಗಂಡನ್ನು ಅದು ಸೈರಿಸದು. ಸಿಗಡಿ, ಏಡಿ, ಚಿಪ್ಪುಜೀವಿಗಳು ಅದರ ಆಹಾರವಾದುದರಿಂದ ಅವುಗಳನ್ನು ಜೊತೆಯಲ್ಲಿಟ್ಟರೆ ನೆರೆಯವರನ್ನಲ್ಲ, ಊಟವನ್ನು ಒದಗಿಸಿದಂತಾಗುವುದು. ಆಳದಿಂದ ಥಟ್ಟನೆ ಮೇಲೆಳೆದರೆ ಒಡಲಿನ ಗಾಳಿಚೀಲವು ಉಬ್ಬಿ ಅಪಾಯವಾಗುವುದು.

ಎಲ್ಲಕ್ಕಿಂತ ಕಠಿನವಾದುದು ತಂಪು. ಪ್ಲಿಮತ್ತಿನ ಕಡಲು ಚಳಿಗಾಲದ ಕೊನೆಗೆ ಸುಮಾರು 9 ಡಿಗ್ರಿ ಸೆಂಟಿಗ್ರೇಡ್ ಇರುವುದು. ಬೇಸಗೆಯಲ್ಲಿಯೂ 17ರ ಆಸುಪಾಸಿನಲ್ಲಿಯೇ ನಿಲ್ಲುವುದು. ಬೆಂಕಿಯಿಂದಲೋ ಯಂತ್ರದಿಂದಲೋ ಕಾಯಿಸಿದ ಅಲ್ಲಿಯ ಮನೆಗಳು ಅದಕ್ಕಿಂತ ಬೆಚ್ಚಗಿರುವುವು. ನೀರು ಬೆಚ್ಚಗಾದಂತೆಲ್ಲ ಅದರಲ್ಲಿ ಕರಗಿರುವ ಪ್ರಾಣವಾಯು ಕುಗ್ಗುವುದು. ಮೀನಿಗೆ ಬೇಕಾಗುವ ಪ್ರಾಣವಾಯುವಾದರೋ ಹೆಚ್ಚುವುದು. ಆದುದರಿಂದ ನೀರನ್ನು ತಣಿಸುವ ಯಂತ್ರವು ಹಗಲಿರುಳೂ ನಡೆಯುತ್ತಿರಬೇಕು. ಒಂದು ದಿನ ಅದು ನಿಂತರೂ ಕೇಡು.

ಈ ವಿಷಯವನ್ನು ನಾನು ಪುಸ್ತಕದಿಂದ ಮಾತ್ರವೇ ಕಲಿತವನಲ್ಲ. ಬಹಳ ವರ್ಷಗಳ ಹಿಂದೆ ಒಂದು ಬೇಸಗೆಯ ಬೆಳಿಗ್ಗೆ ಹುಡುಗನೊಬ್ಬನು ಊರ ಕೆರೆಯ ಮೀನೊಂದನ್ನು ಗಾಜಿನ ಜಾಡಿಯಲ್ಲಿ ತಂದನು. ಎಲ್ಲರಿಗೂ ಚೆನ್ನಾಗಿ ಕಾಣಲೆಂದು ನಾನೇ ಅದನ್ನು ಬಿಸಿಲು ಬೀಳುವ ಕಿಟಕಿಯಲ್ಲಿರಿಸಿದೆನು. ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ಅದು ಹೊಟ್ಟೆ ಮೇಲಾಗಿ ತೇಲುತ್ತಿದ್ದಿತು. ಹುಡುಗನು ತನ್ನದೇ ತಪ್ಪೆಂದು ಅತ್ತನು. ತಪ್ಪು ನನ್ನದೆಂದು ನಾನು ಹೇಳಲಿಲ್ಲ, ಪಾಠವನ್ನು ಮುಂದುವರಿಸಿದೆನು. ಆ ಹುಡುಗನೇ ಈಗ ಕಾಗದ ಬರೆದಿರುವ ಶಿಷ್ಯನು.

ಆತನಿಗೆ ಹೀಗೆ ಉತ್ತರ ಬರೆದಿರುವೆನು: “ಅಪ್ಪಾ, ಅಂದಿನ ಮೀನು ಸತ್ತುದು ನಿನ್ನಿಂದಲ್ಲ, ನನ್ನಿಂದ. ಈ ಮೀನನ್ನು ಮನೆಗೆ ತರಬೇಡ. ಅತಿಥಿಯನ್ನು ಕರೆಯುವವನು ಮೊದಲು ಅವನಿಗೆ ತಕ್ಕ ಎಡೆಯುಂಟೆ ಎಂದು ನೋಡತಕ್ಕದ್ದು. ನಿಮ್ಮ ಊರಿನಲ್ಲಿಯೇ 1998ರಲ್ಲಿ ತೆರೆದ ರಾಷ್ಟ್ರೀಯ ಮತ್ಸ್ಯಾಲಯವುಂಟು. ಆ ಕಡಲಿನ ಮೀನುಗಳನ್ನು ಅಲ್ಲಿ ವಿಶಾಲವಾದ ತೊಟ್ಟಿಯಲ್ಲಿ ಇರಿಸಿರುವರು. ಮಗುವನ್ನು ಕರೆದುಕೊಂಡು ಹೋಗು. ನೀರಿಳಿದ ಹೊತ್ತಿನಲ್ಲಿ ಕಡಲದಡದ ಬಂಡೆಗಳ ಮಡುಗಳನ್ನೂ ತೋರಿಸು. ಕಂಡುದನ್ನು ಅವಳು ಚಿತ್ರವಾಗಿ ಬರೆದು ನನಗೆ ಕಳುಹಿಸಲಿ.”

ನಿನ್ನೆಯ ಟಪಾಲಿನಲ್ಲಿ ಚಿತ್ರವು ಬಂದಿದೆ. ಮೀನು ನೀಲಿಯಾಗಿದೆ, ಸುತ್ತಲೂ ಕಡಲು, ತೊಟ್ಟಿಯ ಗೆರೆಯೇ ಇಲ್ಲ.