ಮನೆಯ ಸಾಲ, ಮಗನ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳುವರು. ಹಾಸಿಗೆಯ ಅಳತೆಯೇ ತಿಳಿಯದಿದ್ದರೆ? ನಮ್ಮ ತಂದೆಯವರು ಈ ವರ್ಷ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು, ಶೇಕಡಾ 9ರ ಬಡ್ಡಿಗೆ, 20 ವರ್ಷಗಳ ಅವಧಿಗೆ 10 ಲಕ್ಷ ರೂಪಾಯಿ ಸಾಲ ತಂದರು. ಹಣ ತೆರದೆ ಬಳಸಬಹುದಾದ ಲಿಬ್ರೆ ಆಫೀಸ್ ಎಂಬ ಸ್ವತಂತ್ರ ತಂತ್ರಾಂಶದಲ್ಲಿ ನಾನು ಲೆಕ್ಕ ಹಾಕಿ ನೋಡಿದೆನು. ಮೊದಲ ಕಂತಿನ 8,997 ರೂಪಾಯಿಗಳಲ್ಲಿ 7,500 ಬಡ್ಡಿಗೇ ಹೋಗುವುದು! ಆದರೆ ಮೊದಲಿನಿಂದಲೇ ತಿಂಗಳಿಗೆ 1,000 ಹೆಚ್ಚು ಕಟ್ಟಿದರೆ ಸುಮಾರು ನಾಲ್ಕೂವರೆ ವರ್ಷ ಮುಂಚೆಯೇ ಋಣ ತೀರುವುದು. ಆ ಸಾವಿರವನ್ನು ಹುಡುಕಲು ಮನೆಖರ್ಚನ್ನೆಲ್ಲ ಬರೆದೆನು. ತಾಯಿಯವರ ದಿನಸಿ ಚೀಟಿಯಲ್ಲಿ ಕಡಿಯಲು ಏನೂ ಇರಲಿಲ್ಲ. ಸಾವಿರ ಸಿಕ್ಕಿದ್ದು ನನ್ನ ಹೋಟೆಲು, ಸಿನಿಮಾ, ಮೊಬೈಲಿನ ಖರ್ಚಿನಲ್ಲಿ. ಮಿತ್ರರೇ, ಅರ್ಥಶಾಸ್ತ್ರವು ತರಗತಿಯಲ್ಲೇ ಉಳಿಯದಿರಲಿ. ಮನೆಯ ಲೆಕ್ಕವನ್ನು ನಾವೇ ಬರೆಯೋಣ. ಮೊದಲು ನಮ್ಮ ಹೆಸರಿನ ಖರ್ಚನ್ನೇ ಬರೆಯೋಣ.